ಧರಣೇಂದ್ರನ ಗಳಿಗೆ ಬಟ್ಟಲು, ಸತ್ಯವ್ವನ ಹಗೇವು

ಜಮಖಂಡಿಯ ಕೋರ್ಟಿನ ಕಂಪೌಂಡಿನ ಹೊರಗೆ, ಬೇವಿನ ಮರದ ಬುಡದಲ್ಲಿ ಮೂರು ಜನ ಅರ್ಜಿ ಬರೆಯುವವರು ಕೂರುತ್ತಾರೆ. ಇಬ್ಬರ ಮುಂದೆ ಕಂಪ್ಯೂಟರು, ಪ್ರಿಂಟರು. ಮೂರನೆಯವನಾದ ಧರಣೇಂದ್ರನ ಮುಂದೆ ಒಂದು ಸ್ಟೀಲಿನ ಬೋಗುಣಿ ತುಂಬ ನೀರು, ಪಕ್ಕದಲ್ಲಿ ಅಂಗೈಯಗಲದ ಒಂದು ತಾಮ್ರದ ಬಟ್ಟಲು. ಹೊಸಬರು ಇವನು ಜ್ಯೋತಿಷಿ ಇರಬೇಕೆಂದು ಕೈ ಚಾಚುವುದುಂಟು. ಧರಣೇಂದ್ರ ಬೇಡವೆನ್ನುವುದಿಲ್ಲ. ಕೈ ನೋಡಿ, "ಹೊಲದಾಗ ದುಡಿಯೂ ಕೈ. ಬದುವಿನ ತಕರಾರ ಇರಬೇಕು. ಕೂಡ್ರು," ಎನ್ನುತ್ತಾನೆ. ಹತ್ತಕ್ಕೆ ಎಂಟು ಸಲ ಅದು ಸರಿ ಹೋಗುತ್ತದೆ. ಕೋರ್ಟಿನ ಬಾಗಿಲಿಗೆ ರೈತ ಮತ್ತೇನಕ್ಕೆ ಬಂದಾನು?

ಅರವತ್ತಾರು ದಾಟಿದ ಧರಣೇಂದ್ರ ಮೊದಲು ರಬಕವಿಯಲ್ಲಿ ಸೀರೆ ಅಂಗಡಿಯ ಗದ್ದಿಗೆಯ ಮೇಲಿದ್ದವನು. ಹನ್ನೆರಡು ವರ್ಷ ಸೀರೆ ಬಿಚ್ಚಿ ಬಿಚ್ಚಿ ತೋರಿಸಿ ಅವನು ಕಲಿತದ್ದು ಒಂದೇ: ಗಿರಾಕಿಯ ಬಾಯಿ ಬೇರೆ ಹೇಳುತ್ತದೆ, ಕಣ್ಣು ಬೇರೆ ಸೀರೆಯ ಮೇಲಿರುತ್ತದೆ. ಕಣ್ಣಿರುವ ಸೀರೆಯನ್ನು ಮುಂದೆ ಹಾಕಿದವನು ವ್ಯಾಪಾರಿ. ಆದರೆ ಧರಣೇಂದ್ರ, "ಅಕ್ಕಾರ, ಇದು ನಿಮಗ ಒಪ್ಪೂದಿಲ್ಲರಿ," ಎಂದು ಖರೆ ಹೇಳಿಬಿಡುತ್ತಿದ್ದ. ಮಾಲೀಕರು ಕೈ ಮುಗಿದು ಕಳಿಸಿಕೊಟ್ಟರು.

ಆ ಅಂಗಡಿಯಿಂದ ಅವನು ಹೊತ್ತು ತಂದ ಆಸ್ತಿಯೆಂದರೆ ಒಂದು ಪುಸ್ತಕ. ಸೀರೆಯ ಮಡಿಕೆಯ ನಡುವೆ ಇಡಲು ತಂದ ರದ್ದಿಯೊಳಗೆ ಸಿಕ್ಕದ್ದು. ಮುಂದಿನ ರಟ್ಟಿಲ್ಲ, ಹಿಂದಿನ ರಟ್ಟಿಲ್ಲ, ಬರೆದವರ ಹೆಸರನ್ನು ಗೆದ್ದಲು ಓದಿ ಮುಗಿಸಿತ್ತು. ಅದರಲ್ಲಿ ಗ್ರೀಕರ ನ್ಯಾಯಾಲಯದ ಮೇಲೊಂದು ಅಧ್ಯಾಯ. ಅಥೆನ್ಸ್ ಎಂಬ ಊರಲ್ಲಿ ವಕೀಲರೇ ಇರಲಿಲ್ಲವಂತೆ. ಯಾರ ವಾದವನ್ನು ಅವರೇ ನಿಂತು ಹೇಳಬೇಕು. ಕೇಳಲು ನೂರಾರು ಜನ ಪಂಚರು. ಮಾತು ಬಾರದವರು ಮಾತು ಬರೆಯುವವನ ಹತ್ತಿರ ಹೋಗಿ ಬರೆಸಿಕೊಂಡು, ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಒಳ್ಳೆಯ ಬರಹಗಾರನ ಗುಣವೆಂದರೆ ರೈತನಿಗೆ ರೈತನ ಮಾತು, ಕುಂಟನಿಗೆ ಕುಂಟನ ಮಾತು. ಬರೆದವನ ನೆರಳು ಎಲ್ಲೂ ಬೀಳಬಾರದು. ತೂತಿನ ಗಡಿಗೆಯಿಂದ ನೀರು ಸೋರಿ ಮುಗಿಯುವವರೆಗೆ ಮಾತ್ರ ಮಾತು. ಸಾಕ್ಷಿ ಓದುವಾಗ ಮಾತ್ರ ಆ ತೂತಿಗೆ ಬಿರಡೆ ಹಾಕಿ ನೀರು ನಿಲ್ಲಿಸುತ್ತಿದ್ದರು. ಕೊನೆಗೆ ಹೆಂಡತಿ ಮಕ್ಕಳನ್ನು ಕರೆತಂದು ಅಳಿಸುವ ರೂಢಿಯೂ ಇತ್ತು.

ಧರಣೇಂದ್ರನಿಗೆ ಇದು ದೂರದ ಸುದ್ದಿ ಎನಿಸಲಿಲ್ಲ. ಅವನ ಅಜ್ಜ ತೇರದಾಳದಲ್ಲಿ ಬಸದಿಯ ಪೂಜೆ ಮಾಡುವ ಉಪಾಧ್ಯೆ. ಮದುವೆಯ ಮುಹೂರ್ತಕ್ಕೆ ತಳದಲ್ಲಿ ಸೂಜಿಮೊನೆಯ ತೂತಿರುವ ಗಳಿಗೆ ಬಟ್ಟಲನ್ನು ನೀರಿನ ಮೇಲೆ ಬಿಡುತ್ತಿದ್ದ. ಅದು ತುಂಬಿ ಮುಳುಗಿದರೆ ಒಂದು ಗಳಿಗೆ, ಇಪ್ಪತ್ನಾಲ್ಕು ಮಿನಿಟು. ಈಗ ಮುಹೂರ್ತ ಮೊಬೈಲಿನಲ್ಲಿ ಬರುತ್ತದೆ; ಬಟ್ಟಲು ಅಟ್ಟದ ಮೇಲೆ ಬಿದ್ದಿತ್ತು. ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಬೇವಿನ ಮರದ ಕೆಳಗೆ ತಂದಿಟ್ಟ.

ಉಳಿದಿಬ್ಬರು ಸಿದ್ಧ ಅಂಗಿ ಮಾರುವವರು. ಅರ್ಜಿ ಮೊದಲೇ ತಯಾರು, ಹೆಸರು ಮಾತ್ರ ಬದಲು. ಧರಣೇಂದ್ರ ಅಳತೆ ತೆಗೆದುಕೊಂಡು ಹೊಲಿಯುವವನು. ವಕೀಲರಿಲ್ಲದೆ ತಾನೇ ನಿಂತು ಮಾತಾಡಬೇಕಾದವರು ಅವನ ಗಿರಾಕಿಗಳು: ಸಾಹೇಬರ ಮುಂದೆ ತಕರಾರು ಹೇಳುವವರು, ಬೀಗರ ಪಂಚಾಯತಿಗೆ ಹೊರಟವರು, ಬಡ್ತಿ ಕೇಳಬೇಕಾದ ಅಂಜುಬುರುಕ ಮಾಸ್ತರರು. ಬಟ್ಟಲು ಮುಳುಗುವವರೆಗೆ ಅವರು ಹೇಳಬೇಕು, ಇವನು ತುಟಿ ಬಿಚ್ಚುವುದಿಲ್ಲ. ಮುಳುಗಿದ ಮೇಲೆ ಅವರು ತುಟಿ ಬಿಚ್ಚಬಾರದು, ಇವನು ಬರೆಯುತ್ತಾನೆ. ವಿಚಾರಣೆಯ ದಿನ ಹಿಂದಿನ ಬೆಂಚಿನಲ್ಲಿ ಅಪರಿಚಿತನಂತೆ ಕೂತು ಕೇಳುತ್ತಾನೆ. ಎಂದೂ ಎದ್ದು ನಿಂತವನಲ್ಲ. ಅದು ಅವನ ನೇಮ.

"ಊರ ಮಂದಿಗೆಲ್ಲಾ ಮಾತ ಬರದ ಕೊಡ್ತೀರಿ," ಎಂದು ಹೆಂಡತಿ ಬ್ರಾಹ್ಮಿ ಚುಚ್ಚುತ್ತಾಳೆ. "ಮನ್ಯಾಗ ನನ್ನ ಮುಂದ ಮಾತಾಡೂ ಹೊತ್ತಿನ್ಯಾಗ ನಿಮಗ ಯಾರ ಬರದ ಕೊಡಬೇಕ್ರೀ?"

"ನಿನ್ನ ಮುಂದ ಬರದದ್ದೂ ನಡ್ಯೂದಿಲ್ಲ ಬಿಡು," ಎನ್ನುತ್ತಾನೆ ಧರಣೇಂದ್ರ.

ಹೋದ ವರ್ಷ ಬೇಸಿಗೆಯ ಕೊನೆಗೆ ಈ ಮರದ ಬುಡಕ್ಕೆ ಸತ್ಯವ್ವ ಬಂದಳು. ಹೆಗಲ ಮೇಲೆ ಕರಿ ಕಂಬಳಿ, ಹಣೆಯ ತುಂಬ ಭಂಡಾರದ ಅರಿಶಿನ, ವಯಸ್ಸು ಧರಣೇಂದ್ರನಷ್ಟೇ. ಕೃಷ್ಣೆಯ ನಡುಗಡ್ಡೆ ಬೂದಿಗಡ್ಡೆಯವಳು. ಬೀರೇಶ್ವರನ ಹಾಡಿಕೆಯಲ್ಲಿ ಮುಂದೆ ನಿಂತು ಹಾಡುವವಳು. ಒಮ್ಮೆ ಕೇಳಿದ ಪದವನ್ನು ಅಕ್ಷರ ಬಿಡದೆ ತಿರುಗಿ ಹಾಡುತ್ತಾಳೆಂದು ಆ ಕಡೆಗೆಲ್ಲ ಹೆಸರು.

"ಮಾತ ಮಾರೂ ಅಣ್ಣಾರ ನೀವ ಏನ್ರಿ?"

"ಮಾರೂದಿಲ್ಲ ತಂಗಿ, ಹೊಲದ ಕೊಡ್ತೇನಿ. ಕೂಡ್ರು. ಬಟ್ಟಲ ಬಿಟ್ಟೆ. ಹೇಳು."

ಸತ್ಯವ್ವ ಬಟ್ಟಲನ್ನೊಮ್ಮೆ ನೋಡಿ, ತಾಳಕ್ಕೆ ಸಿಕ್ಕವಳಂತೆ ಶುರು ಮಾಡಿದಳು. ಬೂದಿಗಡ್ಡೆಯಲ್ಲಿ ನಾಲ್ಕು ಮನೆ. ಆಣೆಕಟ್ಟಿನ ಹಿನ್ನೀರು ಬಂದಾಗಿನಿಂದ ಮಳೆಗಾಲದ ನಾಲ್ಕು ತಿಂಗಳು ಗಡ್ಡೆಯ ತಗ್ಗೆಲ್ಲ ನೀರು. ನಡುವಿನ ದಿಬ್ಬ ಒಂದೇ ಒಣಗಿರುವುದು. ದಿಬ್ಬದ ಬಡಗಣ ಅರ್ಧ ಬರೀ ಬೂದಿ. ತೆಂಕಣ ಅರ್ಧದ ಮೇಲೆ ಇವಳ ಅರವತ್ತು ಕುರಿಗಳ ದೊಡ್ಡಿ. ಚಳಿಗಾಲದಲ್ಲಿ ಹಳೇ ವಸ್ತು ಹುಡುಕುವವರು ಬಂದರು. ಅವರ ಮುಂದಾಳು ಸಿದ್ಧಾಂತ ಎಂಬ ಕನ್ನಡಕದ ಹುಡುಗ, ಕಲಿತವನು, ಒಳ್ಳೆಯವನು. ಇವಳು ಹಿಮ್ಮಡಿ ಉಜ್ಜಿಕೊಳ್ಳುತ್ತಿದ್ದ ನುಣುಪು ಕಲ್ಲನ್ನು ನೋಡಿ ಚೀರಿಬಿಟ್ಟನಂತೆ. ನಾಲ್ಕು ಸಾವಿರ ವರ್ಷದ ಹಿಂದಿನ ಕಲ್ಲಿನ ಕೊಡಲಿ!

"ಆ ಬೂದಿ ಆಗಿನ ಮಂದಿ ದನದ ದೊಡ್ಡಿಯೊಳಗ ಸಗಣಿ ಸುಟ್ಟದ್ದಂತರಿ. ಇರವಲ್ಲದ್ಯಾಕ. ಆದರ ತೆಂಕಣದಾಗ ಮೂರ ಹಗೇವ ಅದಾವ್ರಿ. ಅವೂ ಆಗಿನವ ಅಂತ ಹೇಳಿ ಇಡೀ ದಿಬ್ಬಕ್ಕ ತಂತಿ ಹಾಕ್ತೀವಿ ಅಂದಾರ. ನೀರ ಬಂದಾಗ ನನ್ನ ಕುರಿ ಏನ ಈಜಬೇಕೇನ್ರಿ?"

ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಕಿರಿದು, ಹೊಟ್ಟೆ ಅಗಲ. ತಕರಾರು ಇದ್ದವರು ಬರುವ ಮಂಗಳವಾರ ತಾಲೂಕಿನ ಸಭಾಗೃಹಕ್ಕೆ ಬಂದು ತಾವೇ ಹೇಳಬೇಕೆಂದು ನೋಟೀಸು ಬಂದಿತ್ತು. ಒಬ್ಬೊಬ್ಬರಿಗೆ ಹತ್ತು ಮಿನಿಟು.

ಬಟ್ಟಲು ಮುಳುಗಿತು. ಆದರೆ ಸತ್ಯವ್ವನ ಕಣ್ಣಲ್ಲಿ ಬಾಯಿಗೆ ಬಾರದ ಒಂದು ಸೀರೆ ಉಳಿದಿದೆಯೆಂದು ಹಳೆಯ ಅಂಗಡಿಯವನಿಗೆ ತಿಳಿಯಿತು.

"ನಾಳೆ ಗಡ್ಡಿಗೆ ಬರ್ತೇನಿ," ಎಂದ.

ಅಂಬಿಗ ಭೀಮಪ್ಪನ ದೋಣಿಯಲ್ಲಿ ಕೂತಾಗ ಧರಣೇಂದ್ರ ಎರಡೂ ಕೈಯಿಂದ ಅಂಚು ಹಿಡಿದಿದ್ದ. "ಸಾವಕಾರ್ರ, ದೋಣಿ ನಿಮ್ಮನ್ನ ಹಿಡದೈತಿ, ನೀವ್ಯಾಕ ಅದನ್ನ ಹಿಡೀತೀರಿ?" ಎಂದು ಭೀಮಪ್ಪ ನಕ್ಕ.

ಗಡ್ಡೆಯಲ್ಲಿ ಗಾಳಿ ಬಿಟ್ಟರೆ ಕುರಿಯದೇ ಸದ್ದು. ಬಡಗಣ ದಿಬ್ಬದ ಬೂದಿ ಜೋಳದ ಹಿಟ್ಟಿನಷ್ಟು ನುಣುಪು. ಧರಣೇಂದ್ರನ ಪಾದ ಕಣಕಾಲಿನವರೆಗೆ ಇಳಿಯಿತು. ನಾಲ್ಕು ಸಾವಿರ ವರ್ಷದ ಹಿಂದೆ ಯಾರೋ ಇಲ್ಲಿ ನಿಂತು, ನೀರು ಎಲ್ಲಿಯವರೆಗೆ ಏರೀತು ಎಂದು ಇದೇ ಕಡೆ ನೋಡಿದ್ದಾರು. ದನ ಎಣಿಸಿದ್ದಾರು, ಒಂದು ಕಡಿಮೆಯಾದರೆ ಬೈದಿದ್ದಾರು. ಅವರ ಬೈಗುಳ ಯಾವ ಮಾತಿನಲ್ಲಿತ್ತೋ! ಅದನ್ನು ಯಾರೂ ಬರೆದಿಡಲಿಲ್ಲವಲ್ಲ ಎಂದು ಬರೆಯುವವನಿಗೆ ಅನಿಸಿತು.

ತೆಂಕಣದ ಹಗೇವಿನ ಹತ್ತಿರ, ಭೀಮಪ್ಪ ದೋಣಿಯ ಕಡೆ ಹೋದ ಮೇಲೆ, ಸತ್ಯವ್ವ ದನಿ ತಗ್ಗಿಸಿದಳು.

"ಅಣ್ಣಾರ, ಈ ಹಗೇವ ತೋಡಿದಾಂವ ನಮ್ಮ ಮಾವ ಅಮಸಿದ್ದಪ್ಪ. ದೊಡ್ಡ ಲಡಾಯಿ ನಡದಿತ್ತಲ್ರಿ, ಬ್ರಿಟಿಷರ ಕಾಲದಾಗ, ಆವಾಗ. ಬೆಳದ ಜ್ವಾಳ ಲೇವಿ ಅಂತ ಒಯ್ಯತಿದ್ರು. ದಂಡಿಮ್ಯಾಗಿನ ಮೂರ ಊರ ಮಂದಿ ರಾತ್ರೋರಾತ್ರಿ ಚೀಲ ತಂದ ಇಲ್ಲಿ ತುಂಬಿದ್ರಂತ. ಮ್ಯಾಲ ಹಾಸಗಲ್ಲ, ಮಣ್ಣ, ಅದರ ಮ್ಯಾಲ ಕುರಿ ದೊಡ್ಡಿ. ವಸೂಲಿಯವರು ದೋಣಿ ಹತ್ತಿದ್ರ ಭೀಮಪ್ಪನ ಅಜ್ಜ ಜೋರ್ ಹಾಡಾಂವ. ಹಾಡ ಕೇಳಿದ ಕೂಡ್ಲೆ ಕುರಿ ತಂದ ಕೂಡಸಾವ್ರು. ಪಾಲಿಶ್ ಬೂಟಿನವರು ಹಿಕ್ಕಿ ತುಳೀತಾರೇನ್ರಿ? ನೋಡಿ ಹೊಳ್ಳಿ ಹೋಗಾವ್ರು."

"ಮತ್ತ ಇದನ್ನ ನಿನ್ನೆ ಯಾಕ ಹೇಳಲಿಲ್ಲ?"

ಸತ್ಯವ್ವ ಕಂಬಳಿಯ ಅಂಚು ತಿರುವಿದಳು. ಆ ಮಳೆಗಾಲದಲ್ಲಿ ಹಸಿದ ಮಂದಿಯ ಮುಂದೆ ಅಮಸಿದ್ದಪ್ಪ ಬಡಿಗೆಯಿಂದ ನೆಲಕ್ಕೆ ಹೊಡೆದ, ಬೀರೇಶ್ವರನ ಹೆಸರು ಹೇಳಿದ, ನೆಲ ಬಾಯಿ ತೆರೆದು ಜೋಳ ಕೊಟ್ಟಿತು — ಹೀಗೆಂದು ಪದ ಕಟ್ಟಿ ಎಂಬತ್ತು ವರ್ಷದಿಂದ ಹಾಡುತ್ತಿದ್ದಾರೆ. ಈಗ ಹಾಡುವವಳು ಇವಳೇ. ಆ ಕಾಲದಲ್ಲಿ ಗುಟ್ಟು ಕಾಯಲು ಹಬ್ಬಿಸಿದ ಮಾತು. ಚೀಲ ಹೊತ್ತವರೆಲ್ಲ ಗುಟ್ಟನ್ನು ತಮ್ಮೊಂದಿಗೇ ಒಯ್ದರು, ಮಾತು ಉಳಿಯಿತು. ಖರೆ ಗೊತ್ತಿದ್ದುದು ಮನೆಯ ಹೆಂಗಸರಿಗೆ ಮಾತ್ರ. ಅತ್ತೆ ಶಿವವ್ವ ಇವಳಿಗೆ ಹೇಳಿ ಬಾಯಿ ಕಟ್ಟಿದ್ದಳು.

"ಖರೆ ಹೇಳಿದ್ರ ಮಾವನ ಹೆಸರ ಹೋಕ್ಕೈತಿ. ಹೇಳದಿದ್ರ ದೊಡ್ಡಿ ಹೋಕ್ಕೈತಿ."

ಧರಣೇಂದ್ರ ಬೂದಿ ಕೊಡವಿಕೊಂಡು ಯೋಚಿಸಿದ. ಲೇವಿ ತಪ್ಪಿಸಿದ್ದು ಎಷ್ಟೇ ಹಳೆಯದಾದರೂ ಸರಕಾರದವರ ಮುಂದೆ ಹೇಳುವ ಮಾತಲ್ಲ. ಮೇಲಾಗಿ ಅವನ ತಲೆಯೊಳಗೆ ಆಗಲೇ ಬೇರೆ ವಾದ ಹೊಳೆದಿತ್ತು, ಬಲು ಚೆಂದದ್ದು.

"ಹಗೇವಿನ ಸುದ್ದಿನ ತಗೀಬ್ಯಾಡ. ನಿನ್ನ ಮಾವನೂ ಉಳೀತಾನ, ದೊಡ್ಡಿನೂ ಉಳೀತೈತಿ. ನಾ ಬರೀತೇನಿ," ಎಂದ.

ಎರಡು ದಿನ ಕೂತು ಬರೆದ. ನಲವತ್ತು ವರ್ಷದಲ್ಲಿ ಅಂಥದ್ದನ್ನು ಬರೆದಿರಲಿಲ್ಲ. ನಾಲ್ಕು ಸಾವಿರ ವರ್ಷದ ಹಿಂದೆ ಇಲ್ಲಿ ದೊಡ್ಡಿ ಇತ್ತೆಂದು ನೀವೇ ಹೇಳುತ್ತೀರಿ. ಇವತ್ತೂ ದೊಡ್ಡಿ ಇದೆ. ಹಾಗಿದ್ದರೆ ನಡುವೆ ಬಂದು ತಂತಿ ಹಾಕುವವರು ಯಾರು? ಬ್ರಾಹ್ಮಿಗೆ ಓದಿ ತೋರಿಸಿದ. ಅವಳು ಒಲೆಯ ಮೇಲಿನ ಹಾಲಿನಿಂದ ಕಣ್ಣು ತೆಗೆಯದೆ, "ಭಾಳ ಛಲೋ ಐತ್ರಿ. ಆದರ ಇದು ಕುರಿ ಕಾಯೂ ಹೆಣಮಗಳಂಗ ಇಲ್ಲ, ನಿಮ್ಮಂಗ ಐತಿ," ಎಂದಳು. ಧರಣೇಂದ್ರನಿಗೆ ಆ ಮಾತು ಹಿಡಿಸಲಿಲ್ಲ, ಆದ್ದರಿಂದ ಕೇಳಿಸಲಿಲ್ಲ.

ಸತ್ಯವ್ವನಿಗೆ ಓದು ಬಾರದು. ಮರದ ಬುಡದಲ್ಲಿ ಎರಡು ಸಲ ಓದಿ ಹೇಳಿದ. ಎಲ್ಲಿ ನಿಲ್ಲಬೇಕು, ಎಲ್ಲಿ ಸಾಹೇಬರ ಮುಖ ನೋಡಬೇಕು ಎಂದು ಅಂಚಿನಲ್ಲಿ ಬರೆದದ್ದನ್ನೂ ಓದಿದ. ಅವಳು ಕಣ್ಣು ಮುಚ್ಚಿ ಕೇಳಿ, "ಆತು. ಒಳಗ ಕೂತ್ತು," ಎಂದಳು.

ಮಂಗಳವಾರ ಸಭಾಗೃಹದಲ್ಲಿ ವಿಚಾರಣೆಗೆ ಕೂತವರು ವೈಶಾಲಿ ಮೇಡಂ, ಹೊಸದಾಗಿ ಬಂದ ಅಧಿಕಾರಿ. ಮೇಜಿನ ಮೇಲೆ ಮೊಬೈಲು ಇಟ್ಟು ಹತ್ತು ಮಿನಿಟಿಗೆ ಗಂಟೆ ಹಚ್ಚಿದ್ದರು. ಮೊದಲ ಇಬ್ಬರ ಮಾತನ್ನು ಆ ಗಂಟೆ ನಡುವೆಯೇ ಕತ್ತರಿಸಿತು. ಒಂದು ಕಡೆ ಸಿದ್ಧಾಂತ ಕಾಗದ ಪೆನ್ನು ಹಿಡಿದು ಕೂತಿದ್ದ. ಧರಣೇಂದ್ರ ಹಿಂದಿನ ಬೆಂಚಿನಲ್ಲಿ, ಟೋಪಿ ಹುಬ್ಬಿನವರೆಗೆ ಎಳೆದುಕೊಂಡು.

ಸತ್ಯವ್ವ ನಿಂತಳು. ಹಾಡಿಕೆಯ ಗಂಟಲು, ಮೈಕು ಬೇಕಾಗಲಿಲ್ಲ.

"ನಾಲ್ಕ ಸಾವಿರ ವರ್ಷದ ಹಿಂದ ನಮ್ಮ ಹಿರ್ಯಾರು ಇದ ಗಡ್ಡಿಯೊಳಗ ದನ ಕಟ್ಟಿದ್ರು. ಇದ ನೆಲದಾಗ ಕಾಳ ಹೂತಿಟ್ಟ ಮಕ್ಕಳ್ನ ಸಾಕಿದ್ರು..."

ಆ ಸಾಲಿಗೆ ಸಿದ್ಧಾಂತನ ಪೆನ್ನು ಓಡಿತು. ಕೆಳಗೆ ಗೆರೆ ಎಳೆಯಿತು. ಒಂದಲ್ಲ, ಎರಡು.

ಜೀವಮಾನವೆಲ್ಲ ಎದುರಿನವನ ಪೆನ್ನು ನೋಡುತ್ತ ಕೂತ ಧರಣೇಂದ್ರನಿಗೆ ಆ ಗೆರೆ ಯಾಕೆಂದು ತಿಳಿಯಿತು. ಕಾಳು ಹೂತಿಟ್ಟರು! ಹಗೇವಿನ ಸುದ್ದಿ ತೆಗೆಯಬೇಡವೆಂದವನೇ, ಸಾಲಿಗೆ ಒಂದು ಅಂದ ಬರಲೆಂದು, ಹಗೇವು ನಾಲ್ಕು ಸಾವಿರ ವರ್ಷದ್ದೆಂದು ಅವಳ ಬಾಯಿಂದಲೇ ಒಪ್ಪಿಸಿದ್ದ. ತಂತಿಯ ಕಂಬಕ್ಕೆ ಕುಣಿ ತೋಡಿದವನು ತಾನೇ. ಸೀರೆಯ ಸೆರಗನ್ನು ಭಾರಿಯಾಗಿ ನೇಯ್ದಿದ್ದ. ಉಡಬೇಕಾದವಳಿಗೆ ಅದು ಒಪ್ಪುತ್ತಲೇ ಇರಲಿಲ್ಲ.

ಸತ್ಯವ್ವ ಮುಂದುವರಿದಳು. "...ಆ ವಂಶದ ಕಡೀ ಕುಡಿ ನಾನು. ನನ್ನ ಕುರಿ ನೀರಪಾಲ ಆಗೂದ ನೋಡಾಕ ನನಗ ಕಣ್ಣ ಇರಬಾರದು. ಇಲ್ಲಿ ತಡೆದು, ಸೆರಗಿನಿಂದ ಕಣ್ಣೊರೆಸುವುದು."

ನಗು ಹಿಂದಿನ ಬೆಂಚಿನಿಂದ ಮುಂದಿನವರೆಗೆ ಉರುಳಿತು. ಧರಣೇಂದ್ರ ಟೋಪಿಯೊಳಗೆ ಇಳಿದುಹೋಗಲು ನೋಡಿದ.

"ಕಡೀಕ ಏನಂದ್ರಿ?" ಮೇಡಂ ಕೇಳಿದರು.

"ಬರದದ್ದನ್ನ ಹೇಳಿನ್ರಿ, ಬಾಯಾರ," ಎಂದಳು ಸತ್ಯವ್ವ, ನಗದೆ. "ಬರದಾವ್ರು ಇಲ್ಲಿ ಕಣ್ಣ ಒರಸ್ಕೋ ಅಂದಾರ. ನನಗ ಕಣ್ಣಾಗ ನೀರ ಬರಲಿಲ್ಲ. ಬಾರದ ನೀರ ಹೆಂಗ ಒರಸ್ಕೊಳ್ಳೂದ್ರಿ? ನಮ್ಮ ಹಾಡಿಕ್ಯಾಗ ಗುರು ಕೊಟ್ಟದ್ದನ್ನ ಬಿಡೂ ಹಂಗಿಲ್ಲ. ಮಾಡಾಕ ಬರಲಿಲ್ಲ, ಬಾಯಿಲೆ ಹೇಳಿದೆ."

ಮೇಡಂ ಕನ್ನಡಕ ತೆಗೆದಿಟ್ಟರು. "ಬರದದ್ದ ಸಾಕು. ಇನ್ನ ಮೂರ ಮಿನಿಟ ಅದಾವ. ನಿಮ್ಮ ಮಾತ ಏನೈತಿ ಅದನ್ನ ಹೇಳ್ರಿ."

ಸತ್ಯವ್ವ ತಿರುಗಿ, ಜನರ ತಲೆಯ ಮೇಲಿಂದ ನೇರ ಕೊನೆಯ ಬೆಂಚಿಗೆ ಕೇಳಿದಳು: "ಅಣ್ಣಾರ, ಹಗೇವಿಂದ ಹೇಳಲೇನ?"

ಎಲ್ಲರ ಕುತ್ತಿಗೆಯೂ ತಿರುಗಿತು. ನಲವತ್ತು ವರ್ಷ ಬೀಳದ ನೆರಳು ಈಗ ಆಳುದ್ದ ಬಿದ್ದಿತ್ತು. ಧರಣೇಂದ್ರ ಟೋಪಿ ಹಿಂದಕ್ಕೆ ಸರಿಸಿದ. ಬಂದದ್ದು ಒಂದೇ ಮಾತು. "ಹೇಳು."

ಅವಳು ಹೇಳಿದಳು. ಲಡಾಯಿ, ಲೇವಿ, ಅಂಬಿಗನ ಹಾಡು, ಕುರಿ, ಬೂಟು. ಇದು ಬರೆದದ್ದಲ್ಲ, ತಡವರಿಸಿತು, ಹಿಂದಕ್ಕೆ ಹೋಯಿತು, ಅತ್ತೆಯ ಮಾತಿಗೆ ಅತ್ತೆಯ ದನಿ ಬಂತು. ಸಿದ್ಧಾಂತ ಎದ್ದು, ಮರ್ಯಾದೆಯಿಂದಲೇ, "ಅಜ್ಜಿ, ಇದಕ್ಕ ಪುರಾವೆ ಏನೈತ್ರಿ?" ಎಂದು ಕೇಳಿದ.

"ಐತಪ್ಪಾ. ಹಗೇವಿನ ತಳದಾಗ..." ಎನ್ನುವಷ್ಟರಲ್ಲಿ ಮೊಬೈಲು ಕಿರ್‍ರೆಂದಿತು.

ಆಗ ಧರಣೇಂದ್ರ ಎದ್ದು ನಿಂತ. ಎದುರಿನ ಬೆಂಚು ಹಿಡಿದುಕೊಂಡ, ದೋಣಿಯ ಅಂಚು ಹಿಡಿದ ಹಾಗೆ.

"ಮೇಡಂ, ಸಾಕ್ಷಿ ಹೇಳೂ ಮುಂದ ನೀರ ನಿಂದರಸಬೇಕ್ರಿ."

"ಯಾವ ನೀರ?"

"ಗಡಿಯಾರದ್ರಿ. ವಾದಕ್ಕಷ್ಟ ಹೊತ್ತ ಎಣಸೂದು, ಸಾಕ್ಷಿಗೆ ಎಣಸೂದಿಲ್ಲ. ಕಾಯ್ದೆ ಐತಿ."

"ಯಾವ ಕಾಯ್ದೆ?"

"ಗ್ರೀಕರದ್ರಿ. ಎರಡ ಸಾವಿರದ ನಾಕನೂರ ವರ್ಷ ಆತು."

ವೈಶಾಲಿ ಮೇಡಂ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. "ರದ್ದ ಆಗಿದ್ದು ನನಗ ಗೊತ್ತಿಲ್ಲ," ಎಂದು ಮೊಬೈಲನ್ನು ಬೋರಲು ಹಾಕಿದರು. "ಹೇಳ್ರೆವ್ವ."

"ತಳದಾಗ ಒಂದ ಮುರಕ ಬೀಸಕಲ್ಲ ಐತ್ರಿ, ಗಚ್ಚಿನ್ಯಾಗ ಕೂಡಿಸಿದ್ದು. ಹೊಸಾ ಹಗೇವಕ್ಕ ಅರಿಷಿಣ ಹಚ್ಚಿದ ರೊಕ್ಕ ಇಟ್ಟ ಮ್ಯಾಲ ಕಲ್ಲ ಕೂಡಸೂದ ನಮ್ಮ ಪದ್ಧತಿ. ನಮ್ಮತ್ತಿ ಇಟ್ಟಿದ್ದ ತೂತಿನ ದುಡ್ಡು. ಲಡಾಯಿ ಕಾಲದಾಗ ತೂತ ಹಾಕಿದ ದುಡ್ಡ ಬಂದಿದ್ವಲ್ರಿ, ಅದು. ಮೂರಕ್ಕೂ ಒಂದೊಂದು."

ಸಿದ್ಧಾಂತನ ಮಂದಿ ಎರಡು ಹಗೇವು ಅರ್ಧ ತೆಗೆದಿದ್ದರು. ತಳದ ಕಲ್ಲು ಯಾರೂ ಎತ್ತಿರಲಿಲ್ಲ. ಎರಡು ದಿನ ಬಿಟ್ಟು ಮೇಡಂ ತಾವೇ ಬಂದರು. ಭೀಮಪ್ಪ ಎರಡು ಸಲ ದೋಣಿ ಹಾಕಿದ. ಮೂರೂ ಹಗೇವಿಗೆ ಏಣಿ ಇಳಿಸಿ ಸಿದ್ಧಾಂತ ತಾನೇ ಇಳಿದ. ಗಚ್ಚು ಕೆರೆಯುವ ಸದ್ದು ಮೇಲಿನವರಿಗೆ ಹಲ್ಲು ಜುಮ್ಮೆನ್ನುವಷ್ಟು ಹೊತ್ತು ಕೇಳಿತು. ಕೊನೆಗೆ ಮೇಲೆ ಬಂದವನ ಅಂಗೈಯಲ್ಲಿ ಹಸಿರುಗಟ್ಟಿದ ಮೂರು ಬಿಲ್ಲೆ, ನಡುವೆ ತೂತು. ಉಗುರಿನಿಂದ ಕೆರೆದು ಓದಿದ. ಎರಡರಲ್ಲಿ ಸಾವಿರದ ಒಂಬೈನೂರ ನಲವತ್ಮೂರು, ಒಂದರಲ್ಲಿ ನಲವತ್ನಾಲ್ಕು.

ಸೋತ ಮುಖ ಅವನದಾಗಿರಲಿಲ್ಲ. "ಮೇಡಂ, ಲಡಾಯಿ ಕಾಲದ ಹಗೇವು! ಇವನ್ನೂ ಕಾಯಬೇಕ್ರಿ," ಎಂದ.

"ಮೊದಲ ಆ ನಾಲ್ಕ ಸಾವಿರದ್ದ ಕಾಯ್ರಿ," ಎಂದರು ಮೇಡಂ. "ಇವನ್ನ ಕುರಿ ಕಾಯ್ತಾವ. ಎಂಬತ್ತ ವರ್ಷ ಕಾದಾವ." ತಂತಿ ಬಡಗಣಕ್ಕಷ್ಟೇ ಎಂದು ಅಲ್ಲೇ ನಿಂತು ಬರೆಸಿದರು.

ಭೀಮಪ್ಪ ಮಾತ್ರ ಹಗೇವಿನ ಬಾಯಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ತಲೆ ಅಲ್ಲಾಡಿಸುತ್ತಿದ್ದ. "ಹಂಗಾರ ಸತ್ಯವ್ವ, ಬಡಿಗಿ ಹೊಡದ್ರ ನೆಲ ಜ್ವಾಳ ಕೊಟ್ಟಿತು ಅಂತ ಇಷ್ಟ ವರ್ಷ ನಮಗ ಸುಳ್ಳ ಹಾಡಿದ್ಯಾ?"

ಇದಕ್ಕೆ ಧರಣೇಂದ್ರ ಏನೂ ಬರೆದುಕೊಟ್ಟಿರಲಿಲ್ಲ.

ಸತ್ಯವ್ವ ಕುರಿ ಕಾಯುವ ಬಡಿಗೆ ಎತ್ತಿ ನೆಲಕ್ಕೆ ಹೊಡೆದಳು. ಒಂದು ಕಡೆ ಟಪ್ ಎಂದಿತು. ಎರಡು ಹೆಜ್ಜೆ ಸರಿದು ಹೊಡೆದಳು. ಢಬ್ ಎಂದಿತು, ಹೊಟ್ಟೆ ಟೊಳ್ಳಾದ ಸದ್ದು. "ಕೇಳಿದ್ಯಾ? ಮಣ್ಣ ಮುಚ್ಚಿ ಹುಲ್ಲ ಬೆಳದ ಮ್ಯಾಲ ಬಾಯಿ ಎಲ್ಲೈತಿ ಅಂತ ಹಿಂಗ ಹೊಡದ ಹುಡಕಿದ. ಹೊಡದಾಂವ ಮಾವ, ಕೊಟ್ಟದ್ದ ನೆಲ, ತಿಂದಾವ್ರ ನಿಮ್ಮಜ್ಜ. ಹಾಡಿನ್ಯಾಗ ಸುಳ್ಳ ಎಲ್ಲೈತೋ?"

ಭೀಮಪ್ಪ ಬಡಿಗೆ ಇಸಿದುಕೊಂಡು ತಾನೂ ಒಮ್ಮೆ ಹೊಡೆದು ನೋಡಿದ. ಢಬ್. ಟೋಪಿ ತೆಗೆದು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ.

ದಂಡೆಗೆ ಮರಳಲು ದೋಣಿ ಹತ್ತಿದಾಗ ಧರಣೇಂದ್ರ ಒಂದೇ ಕೈಯಿಂದ ಅಂಚು ಹಿಡಿದಿದ್ದ. ಬೀಳ್ಕೊಡಲು ಬಂದ ಸತ್ಯವ್ವ ಕೇಳಿದಳು: "ಅಣ್ಣಾರ, ನೀವು ಬರದದ್ದ ಭಾರಿ ಇತ್ರಿ. ಇನ್ನೂ ಒಂದ ಅಕ್ಷರ ಮರ್ತಿಲ್ಲ. ಜಾತ್ರಿಯೊಳಗ ಹಾಡಲೇನು?"

"ಕಣ್ಣ ಒರಸೂದನ್ನ ಬಿಟ್ಟ ಹಾಡು, ತಂಗಿ."

"ಅದನ್ನ ಬಿಟ್ರ ಮಂದಿ ಕೇಳೂದಿಲ್ರಿ," ಎಂದು ನಕ್ಕಳು.

ಬೇವಿನ ಮರದ ಕೆಳಗೆ ಬೋಗುಣಿ ಈಗಲೂ ಇದೆ. ಅವನ ನೆರಳು ಬಿದ್ದದ್ದು ಊರಿಗೆಲ್ಲ ಗೊತ್ತಾದ ಮೇಲೆ ಗಿರಾಕಿ ಕಡಿಮೆಯಾಗುತ್ತಾರೆಂದು ಧರಣೇಂದ್ರ ಅಂಜಿದ್ದ, ಮೊದಲಿನಷ್ಟೇ ಬರುತ್ತಾರೆ. ಅಂಚಿನಲ್ಲಿ ಬರೆಯುವುದನ್ನು ಬಿಟ್ಟಿದ್ದಾನೆ. ಬರೆದದ್ದನ್ನು ಮೊದಲು ಬ್ರಾಹ್ಮಿಗೆ ಓದುತ್ತಾನೆ, ಅವಳು ಹಾಲಿನ ಕಡೆ ನೋಡುತ್ತಿದ್ದರೂ ಅವಳು ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾನೆ. ಬಟ್ಟಲನ್ನು ಬಿಟ್ಟು ಕೂತಾಗ, ಗಿರಾಕಿ ಬೈಯುವುದು, ಗೋಳಾಡುವುದು ಮುಗಿಸಿ, ದನಿ ತಗ್ಗಿಸಿ, "ಅಣ್ಣಾರ, ಇನ್ನೊಂದ ಐತ್ರಿ, ಹೇಳೂದೋ ಬ್ಯಾಡೋ..." ಎಂದರೆ ಸಾಕು, ಧರಣೇಂದ್ರ ಬಗ್ಗಿ ಬಟ್ಟಲನ್ನು ನೀರಿನಿಂದ ಎತ್ತಿ, ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಕೂರುತ್ತಾನೆ.